ದುಡಿಯುವ ನೆಲದ ವಸಂತ

ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಕೊಲ್ಲಿ ನಾಡುಗಳಿಗೆ ದುಡಿಯಲು ಹೋದ ನಾವು ಹತ್ತು ಹದಿನೈದು ವರ್ಷ ಅಲ್ಲಿದ್ದು ಮರಳುತ್ತೇವೆ. ಆ ನಾಡು ಹೇಗಿದೆ ಎಂದು ಯಾರಾದರೂ ಕೇಳಿದರೆ ಹೇಳಲು ಹೆಚ್ಚೇನೂ ಇರುವುದಿಲ್ಲ. ಕೋಣೆ, ಕೆಲಸದ ಜಾಗ, ಹಣ ಕಳಿಸುವ ಅಂಗಡಿ, ವಿಮಾನ ನಿಲ್ದಾಣ. ನಮ್ಮ ಭೂಪಟ ಇಷ್ಟೇ.

ಬಿಡುವಿಲ್ಲದಿರುವುದು ಇದಕ್ಕೊಂದು ಕಾರಣ. ಅದಕ್ಕಿಂತ ದೊಡ್ಡದು ಮನಸ್ಸಿನೊಳಗಿನ ಅಳುಕು. ತಂಗಿಯ ಮದುವೆಯ ಸಾಲ, ಅರ್ಧಕ್ಕೆ ನಿಂತ ಮನೆ, ತಾಯಿಯ ಔಷಧಿ ಇವೆಲ್ಲ ಇರುವಾಗ ಒಂದು ದಿನ ಸುತ್ತಾಡುವುದು ಮನೆಯವರ ಪಾಲನ್ನು ಕದ್ದಂತಾಗುವುದಿಲ್ಲವೇ?

ಸೌದಿಯ ತಾಯಿಫನ್ನೇ ನೋಡಿ. ಮಾರ್ಚ್ ಹೊತ್ತಿಗೆ ಜಿದ್ದಾದಲ್ಲಿ ಸೆಕೆ ಶುರುವಾಗಿರುತ್ತದೆ. ಅಲ್ಲಿಂದ ಕೆಲವೇ ಗಂಟೆಗಳ ದಾರಿ. ಹದಾ ಘಾಟಿಯ ತಿರುವುಗಳು ಚಾರ್ಮಾಡಿ ಹತ್ತಿದವರಿಗೆ ಹೊಸತಲ್ಲ. ಬೋಳು ಬಂಡೆಗಳೂ ರಸ್ತೆ ಬದಿಯ ಬಬೂನ್ ಮಂಗಗಳೂ ಹೊಸತು. ಮೇಲೆ, ಸುಮಾರು 1,800 ಮೀಟರ್ ಎತ್ತರದಲ್ಲಿ, ಗುಲಾಬಿ ತೋಟಗಳು. ವರ್ಷಕ್ಕೊಮ್ಮೆ, ಮಾರ್ಚ್-ಏಪ್ರಿಲ್‌ನಲ್ಲಿ ಹೂವಿನ ಸುಗ್ಗಿ. ಬಿಸಿಲೇರಿದರೆ ಪರಿಮಳ ಹಾರಿಹೋಗುವುದೆಂದು ನಸುಕಿನಲ್ಲೇ ಹೂ ಕೀಳುತ್ತಾರೆ, ತಾಮ್ರದ ಹಂಡೆಗಳಲ್ಲಿ ಬೇಯಿಸಿ ಅತ್ತರು ಇಳಿಸುತ್ತಾರೆ. ಒಂದು ತೊಲ ಅತ್ತರಿಗೆ ಹತ್ತು ಸಾವಿರಕ್ಕೂ ಹೆಚ್ಚು ಹೂ ಬೇಕೆಂಬುದು ಅಲ್ಲಿನವರ ಲೆಕ್ಕ. 2024ರಲ್ಲಿ ಯುನೆಸ್ಕೋ ಈ ಗುಲಾಬಿ ಸಂಸ್ಕೃತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಊರಿಗೆ ಹೋಗುವಾಗ ಅತ್ತರಿನ ಸೀಸೆ ಕೊಂಡೊಯ್ಯುವ ನಮ್ಮಲ್ಲಿ ಎಷ್ಟು ಮಂದಿ ಆ ಹೂವನ್ನು ಗಿಡದಲ್ಲಿ ಕಂಡಿದ್ದೇವೆ?

ಮನೆಯವರ ಹಕ್ಕು ಮೊದಲನೆಯದು, ನಿಜ. ಸಾಲ ಮಾಡಿ ಮೋಜು ಮಾಡುವುದನ್ನು ಯಾರೂ ಸಮರ್ಥಿಸರು. ಆದರೆ ರಜೆಯ ಒಂದು ಶುಕ್ರವಾರ, ಬಸ್ಸಿನ ಚಾರ್ಜು, ಒಂದು ಹೊತ್ತಿನ ಊಟ ಕಳ್ಳತನವಾಗಲಾರದು. ಮಾಲೀಕನಿಗೆ ನಾವು ಬರೀ ಕೈಗಳು, ಊರಿಗೆ ಬರೀ ಹಣದ ಚೀಲ. ನಮಗೆ ನಾವೂ ಅಷ್ಟೇ ಆಗಿಬಿಟ್ಟರೆ ಮನುಷ್ಯನೆಂದು ಉಳಿಯುವವನು ಯಾರು?

ನೋಡುವ ಕಣ್ಣಿಗೆ ಇನ್ನೊಂದು ಹೊಣೆಯೂ ಇದೆ. 2021ರ ಮಾರ್ಚ್‌ನಲ್ಲಿ ಸೌದಿ ಸರಕಾರ, ಮಾಲೀಕನ ಒಪ್ಪಿಗೆ ಇಲ್ಲದೆಯೂ ಕೆಲವು ಷರತ್ತುಗಳ ಮೇಲೆ ಕೆಲಸ ಬದಲಿಸಲು ವಿದೇಶಿ ಕಾರ್ಮಿಕರಿಗೆ ಅವಕಾಶ ಕೊಟ್ಟಿತು. ಮನೆಗೆಲಸದವರು, ಮನೆಗಳ ಚಾಲಕರು, ಕುರಿ ಕಾಯುವವರು, ತೋಟದ ಆಳುಗಳು ಆ ಸುಧಾರಣೆಯ ಹೊರಗುಳಿದರು. ವಸಂತದ ನಡುವೆಯೇ ನಿಂತು ದುಡಿಯುವವನಿಗೆ ವಸಂತ ದಕ್ಕದೆ ಹೋಗಬಹುದು. ತೋಟ ನೋಡಲು ಹೋದ ನಾವು ಹೂವಿನ ಜೊತೆಗೆ ಆ ಕೈಗಳನ್ನೂ ನೋಡಬೇಕು, ನಿಂತು ನಾಲ್ಕು ಮಾತಾಡಬೇಕು.

ಊರಿನವರಲ್ಲೂ ಒಂದು ವಿನಂತಿ. ಫೋನಿನಲ್ಲಿ ಈ ತಿಂಗಳು ಎಷ್ಟು ಕಳಿಸಿದೆ ಎಂದು ಕೇಳಿ, ತಪ್ಪಿಲ್ಲ. ಅದರ ಜೊತೆಗೆ ಈ ವಾರ ಏನು ನೋಡಿದೆ ಎಂದೂ ಕೇಳಿ.