ಏಕತ್ವವೂ ಏಕರೂಪತೆಯೂ

ಕಳೆದ ಶೀಗಿ ಹುಣ್ಣಿಮೆಯ ಮರುದಿನ ಪಾಠವನ್ನು ಮುಗಿಸಿ ಮಠದ ಪಡಸಾಲೆಯಲ್ಲಿ ಕುಳಿತಿದ್ದಾಗ ನವಲಗುಂದ ತಾಲೂಕಿನ ಸದ್ಭಕ್ತರೊಬ್ಬರು ಬಂದು ನಮಸ್ಕರಿಸಿದರು. ಹಿಂಗಾರಿ ಬಿತ್ತನೆಯ ಮಾತು ಬಂದಿತು. ಅವರ ಹಿರಿಯರು ಜೋಳದ ನಡುವೆ ಕುಸುಬಿ, ಕಡಲೆಗಳ ಸಾಲು ಹಿಡಿಯುತ್ತಿದ್ದವರು. ಅದನ್ನು ಬಿಟ್ಟು ಇಡೀ ಹೊಲಕ್ಕೆ ಒಂದೇ ಬೆಳೆಯನ್ನು ಹಾಕುವ ಯೋಚನೆಯಲ್ಲಿ ಅವರಿದ್ದರು. “ಗುರುಗಳ, ನಾಕು ಬೀಜ ಬಿತ್ತಿದ್ರ ರಾಶಿ ಮಾಡೂದು ದೊಡ್ಡ ತ್ರಾಸು. ಒಂದ ಬೆಳಿ ಆದ್ರ ಒಮ್ಮೆಲೆ ರೊಕ್ಕ ಕೈಗೆ ಬರತೈತಿ. ದೇವರು ಒಬ್ಬನ ಅಂತ ನೀವ ಹೇಳ್ತೀರಿ, ಹೊಲದಾಗೂ ಒಂದ ಇರಲಿ ಬಿಡ್ರಿ” ಎಂದು ನಕ್ಕರು.

ನಾವೂ ನಕ್ಕೆವು. ಆದರೆ ಅವರು ಹೋದ ಮೇಲೆ ಆ ಮಾತು ನಮ್ಮನ್ನು ಬಿಡಲಿಲ್ಲ. ಏಕತ್ವವನ್ನು ಸಾರುವವರಿಗೆ ನಾನಾತ್ವದಲ್ಲಿ ಗೌರವವಿರಬೇಕೇ? ಅಥವಾ ನಾನಾತ್ವವೆಂಬುದು ಕಳೆದುಕೊಳ್ಳಬೇಕಾದ ತೊಡಕೇ?

ಅನುಭವಮಂಟಪವನ್ನು ನೆನೆದರೆ ಉತ್ತರ ಸುಲಭವೆಂದು ತೋರುತ್ತದೆ. ಅಲ್ಲಿ ಉಪಾಸ್ಯವು ಒಂದೇ ಆಗಿದ್ದರೂ ಕಾಯಕವು ಒಂದಾಗಿರಲಿಲ್ಲ. ಚೌಡಯ್ಯನವರು ದೋಣಿ ನಡೆಸಿದರು, ಚಂದಯ್ಯನವರು ಹಗ್ಗ ಹೊಸೆದರು, ಮಾಚಯ್ಯನವರು ಬಟ್ಟೆ ಒಗೆದರು. ಎಲ್ಲರೂ ದೋಣಿಯನ್ನೇ ನಡೆಸಲಿ ಎಂದು ಯಾರೂ ಹೇಳಲಿಲ್ಲ. ಆದುದರಿಂದ ಏಕತ್ವವು ಬೇರೆ, ಏಕರೂಪತೆಯು ಬೇರೆ ಎಂಬುದು ನಿರ್ವಿವಾದ. ಆದರೆ ದೃಷ್ಟಾಂತವು ಪ್ರಮಾಣವಾಗಲಾರದು. ಮನುಷ್ಯರ ಸಭೆಗೆ ಸಲ್ಲುವ ಮಾತು ಹೊಲಕ್ಕೂ ಸಲ್ಲುವುದೆಂದು ಹೇಳಬೇಕಾದರೆ ಹೊಲವನ್ನೇ ಕೇಳಬೇಕು.

ಹಾಗೆ ಕೇಳಿದವರು ಇದ್ದಾರೆ. ಅಮೆರಿಕದ ಮಿನೆಸೋಟ ಪ್ರಾಂತದ ಸೀಡರ್ ಕ್ರೀಕ್ ಎಂಬಲ್ಲಿ ಡೇವಿಡ್ ಟಿಲ್ಮನ್ ಎಂಬ ವಿಜ್ಞಾನಿಯು 1982ರಿಂದ ಹುಲ್ಲುಗಾವಲಿನ ಇನ್ನೂರಕ್ಕೂ ಹೆಚ್ಚು ತುಂಡುಗಳನ್ನು ಗುರುತಿಸಿ ಪರಿಶೀಲಿಸುತ್ತ ಬಂದರು. 1987-88ರಲ್ಲಿ ಅಲ್ಲಿ ಘೋರವಾದ ಬರ ಬಿದ್ದಿತು. ಅನೇಕ ಜಾತಿಯ ಸಸ್ಯಗಳಿದ್ದ ತುಂಡುಗಳು ಕಡಿಮೆ ಒಣಗಿದವು, ಬರ ತೀರಿದ ಮೇಲೆ ಹೆಚ್ಚು ಪೂರ್ಣವಾಗಿ ಚೇತರಿಸಿಕೊಂಡವು ಎಂದು ಅವರು ಸಂಗಡಿಗರೊಬ್ಬರೊಡನೆ 1994ರಲ್ಲಿ ಪ್ರಕಟಿಸಿದರು. ಇದಕ್ಕೆ ಪೂರ್ವಪಕ್ಷವೂ ಬಂದಿತು. ಗೊಬ್ಬರ ಹಾಕಿದ್ದರಿಂದಲೇ ಕೆಲವು ತುಂಡುಗಳಲ್ಲಿ ಜಾತಿಗಳು ಕಡಿಮೆಯಾಗಿದ್ದವು. ಹಾಗಿರುವಾಗ ಬರದ ಪೆಟ್ಟು ಜಾತಿಗಳ ಅಭಾವದ ಫಲವೋ, ಗೊಬ್ಬರದ ಫಲವೋ ಎಂದು ಕೆಲವರು ಆಕ್ಷೇಪಿಸಿದರು. ಆಕ್ಷೇಪವು ನ್ಯಾಯವಾದುದೇ. ಮುಂದೆ ಒಂದು, ಎರಡು, ನಾಲ್ಕು, ಎಂಟು, ಹದಿನಾರು ಜಾತಿಗಳನ್ನು ಬೇಕೆಂದೇ ಬೇರೆ ಬೇರೆಯಾಗಿ ಬಿತ್ತಿ ನೋಡಿದರು.

2015ರಲ್ಲಿ ಇಂಥ 46 ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದಾಗ ಕಂಡ ಸಂಗತಿಯು ವಿಚಾರಾರ್ಹವಾಗಿದೆ. ಅತಿವೃಷ್ಟಿ ಅನಾವೃಷ್ಟಿಗಳ ವರ್ಷದಲ್ಲಿ ಒಂದೆರಡೇ ಜಾತಿಗಳಿದ್ದ ಹುಲ್ಲುನೆಲದ ಬೆಳವಣಿಗೆಯು ಸುಮಾರು ನೂರಕ್ಕೆ 50ರಷ್ಟು ಏರುಪೇರಾದರೆ, ಹಲವು ಜಾತಿಗಳಿದ್ದಲ್ಲಿ ಸುಮಾರು 25ರಷ್ಟು ಮಾತ್ರ. ಆದರೆ ವರ್ಷ ಕಳೆದ ಮೇಲೆ ಬಹುಮಟ್ಟಿಗೆ ಎರಡೂ ಚೇತರಿಸಿಕೊಂಡಿದ್ದವು! ಎಂದರೆ ಬಹುವಿಧ ಸಸ್ಯಗಳ ಮುಖ್ಯ ಗುಣವು ಬೇಗನೆ ಏಳುವುದಲ್ಲ, ಮೊದಲೇ ಪೂರ್ತಿ ಬೀಳದಿರುವುದು. ತಾಳುವುದು ಒಂದು ಶಕ್ತಿ, ಏಳುವುದು ಇನ್ನೊಂದು. ಇವೆರಡನ್ನು ನಾವು ಒಂದೇ ಎಂದು ಭ್ರಮಿಸುತ್ತೇವೆ. ಗೃಹಸ್ಥನಿಗೆ ಈ ಭೇದವು ಪುಸ್ತಕದ ಭೇದವಲ್ಲ. ಹುಲ್ಲು ಮುಂದಿನ ಮಳೆಗೆ ಚಿಗುರೀತು; ಒಂದೇ ವರ್ಷದಲ್ಲಿ ಎಲ್ಲವನ್ನೂ ಕಳೆದುಕೊಂಡು ಹೊಲವನ್ನು ಒತ್ತೆಯಿಟ್ಟವನು ಚಿಗುರುವ ವೇಳೆಗೆ ಆ ಹೊಲದಲ್ಲಿ ಇರುವನೇ?

ನಮ್ಮ ಎರೆಭೂಮಿಯಲ್ಲಿ ಇದರ ಮರ್ಮವು ಕಣ್ಣಿಗೆ ಕಾಣುವಂತಿದೆ. ಹಿಂಗಾರಿ ಬೆಳೆಯು ಬದುಕುವುದು ಬಹುಪಾಲು ನೆಲದೊಳಗೆ ಉಳಿದ ಹಸಿಯಿಂದ. ಜೋಳದ ಬೇರು ಮೇಲ್ಪದರದಲ್ಲಿ ಹೆಚ್ಚಾಗಿ ಹರಡುತ್ತದೆ. ಕುಸುಬಿಯ ತಾಯಿಬೇರು ಆಳಕ್ಕಿಳಿದು ಅಲ್ಲಿಯ ತೇವವನ್ನು ಹುಡುಕುತ್ತದೆ. ಮೇಲಿನ ಹಸಿ ಆರಿದ ವರ್ಷ ಜೋಳ ಸೊರಗಿದರೂ ಕುಸುಬಿಯು ಒಂದಿಷ್ಟು ಎಣ್ಣೆಗಾದರೂ ಆದೀತು. ಅದರ ಮುಳ್ಳು ಬದುವಿನಲ್ಲಿ ದನಕ್ಕೆ ಬೇಲಿಯೂ ಹೌದು. ಮುಂಗಾರಿಯ ಹೆಸರು, ಹಿಂಗಾರಿಯ ಕಡಲೆಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ಒಬ್ಬೊಬ್ಬರದು ಒಂದೊಂದು ಕಾಯಕ. ಒಂದೇ ಬೆಳೆಯ ಹೊಲದಲ್ಲಿ ಎಲ್ಲ ಬೇರುಗಳೂ ಒಂದೇ ಆಳದಲ್ಲಿ ಒಂದೇ ಹೊತ್ತಿಗೆ ಬಾಯಾರುತ್ತವೆ. ಒಂದಕ್ಕೆ ಬಂದ ಕೀಡೆ ಎಲ್ಲಕ್ಕೂ ಬರುತ್ತದೆ.

ಆದರೂ ಹೆಚ್ಚು ಹೇಳಬಾರದು. 2019ರ ಆಗಸ್ಟಿನಲ್ಲಿ ಬೆಣ್ಣೆಹಳ್ಳ, ತುಪ್ಪರಿಹಳ್ಳಗಳು ಉಕ್ಕಿ ಬಂದಾಗ ನೆರೆಯು ಅಕ್ಕಡಿ ಸಾಲನ್ನೂ ಒಂಟಿ ಬೆಳೆಯನ್ನೂ ಭೇದವಿಲ್ಲದೆ ಮುಳುಗಿಸಿತು. ನೀರಿನಡಿ ದಿನಗಟ್ಟಲೆ ನಿಂತ ಹೊಲಕ್ಕೆ ನಾನಾತ್ವದ ಉಪದೇಶವು ಉಪಯೋಗಕ್ಕೆ ಬಾರದು.

ಇನ್ನು ಧರ್ಮದ ಮಾತು. ಮಳೆಯು ಚೆನ್ನಾದ ವರ್ಷಗಳಲ್ಲಿ ಹಲವು ಬೆಳೆಗಳ ಹೊಲವು ಗಳಿಕೆಯಲ್ಲಿ ಹಿಂದೆ ಬೀಳಬಹುದು; ಆಗ ಕುಸುಬಿಯ ಸಾಲು ಸುಮ್ಮನೆ ಜಾಗ ಹಿಡಿದಂತೆ ತೋರುತ್ತದೆ. ಇಂದು ನಿರುಪಯುಕ್ತವೆಂದು ತೋರುವುದಕ್ಕೆ ಎಡೆಗೊಡುವ ಹಂಗು ನಮಗುಂಟೇ? ಉಂಟೆಂದೇ ನಮ್ಮ ಅಭಿಪ್ರಾಯ. ಉಪಯೋಗವನ್ನು ಅಳೆಯುವ ನಮ್ಮ ಸೇರು ಒಂದು ಸುಗ್ಗಿಯದು. ನೆಲದ ಸೇರು ಅನೇಕ ಸುಗ್ಗಿಗಳದು. ಆದರೆ ಸಾಲದ ಕಂತು ತೀರಿಸಬೇಕಾದವನಿಗೆ ಇದನ್ನು ಬೋಧಿಸಿ, ಮಂಡಿಯಲ್ಲಿ ಒಂದೇ ಮಾಲಿಗೆ ಬೆಲೆ ಕಟ್ಟುವ ವ್ಯವಹಾರವನ್ನು ಪ್ರಶ್ನಿಸದೆ ಬಿಡುವುದು ಬೋಧಕರ ಆಲಸ್ಯವೇ ಸರಿ. ಆ ತಪ್ಪು ನಮ್ಮಿಂದಲೂ ಆಗಿದೆ.

ಸಾಮುದಾಯಿಕ ನೆಲದಲ್ಲಿಯೂ ಇದೇ ಪ್ರಶ್ನೆ ಎದ್ದಿತ್ತು. ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಗ್ರಾಮಸ್ಥರು ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಸಿ, ಕಾರಖಾನೆಯ ಕಚ್ಚಾಮಾಲಿಗಾಗಿ ಹಚ್ಚಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ಜನಕ್ಕೂ ದನಕ್ಕೂ ಒದಗುವ ಸಸಿಗಳನ್ನು ನೆಟ್ಟರು. ಒಂದೇ ಜಾತಿಯ ಮರ ಒಬ್ಬನ ಉಪಯೋಗಕ್ಕೆ ಬಂದೀತು. ಮೇವು, ಉರುವಲು, ಹಣ್ಣುಗಳ ಮರಗಳಿಂದ ಊರು ಬಾಳುತ್ತದೆ ಎಂಬ ವಿವೇಕ ಅದರಲ್ಲಿದ್ದಿತು.

ಹೊಲದಲ್ಲಿ ಬಿತ್ತದೆಯೇ ಬರುವುದೂ ಉಂಟು. ಹಿಂಗಾರಿ ಜೋಳದ ನಡುವೆ ತಾನಾಗಿ ಹುಟ್ಟುವ ಹಕ್ಕರಿಕೆಯನ್ನು ನಮ್ಮ ತಾಯಿಯವರು ಸೆರಗಿನಲ್ಲಿ ಕಿತ್ತು ತಂದು, ತೊಳೆದು, ಹಸಿಯದನ್ನೇ ರೊಟ್ಟಿಯ ಮಗ್ಗುಲಿಗೆ ಇಡುತ್ತಿದ್ದರು. ಅದನ್ನು ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರೆದವರಿಲ್ಲ. ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ.

ಆ ಭಕ್ತರು ಎಳ್ಳಮಾವಾಸ್ಯೆಯಂದು ಚರಗ ಚೆಲ್ಲಲು ನಮ್ಮನ್ನು ಹೊಲಕ್ಕೆ ಕರೆದೊಯ್ದಿದ್ದರು. ಬಹುಭಾಗ ಕಡಲೆಯೇ ಇದ್ದಿತು. ನಾವೇನೂ ಕೇಳಲಿಲ್ಲ. ಮೂಡಣ ಬದುವಿನ ಗುಂಟ ನಾಲ್ಕು ಸಾಲು ಕುಸುಬಿ ಹಿಡಿದಿದ್ದರು. “ಮನ್ಯಾಗ ಮುದುಕಿ ಕೇಳಲಿಲ್ರಿ, ಎಣ್ಣಿಗೆ ಬೇಕಂತ” ಎಂದರು. ಮಾತನ್ನು ಅಲ್ಲಿಗೇ ಬಿಟ್ಟು ಊಟಕ್ಕೆ ಎಲೆ ಹಾಕಿಸಿದರು.