ಪರದೆಯ ಮಾತಿಗೆ ಪ್ರಾಮಾಣ್ಯ ಎಲ್ಲಿಂದ?

ಇನ್ನೊಬ್ಬರ ಮಾತನ್ನು ಯಾವಾಗ ನಂಬಬಹುದು ಎಂಬುದು ಭಾರತೀಯ ದರ್ಶನಗಳಲ್ಲಿ ಶಬ್ದಪ್ರಮಾಣದ ಚರ್ಚೆ. ಇಂದಿನ ವಿಶ್ವವಿದ್ಯಾಲಯಗಳು ಅದನ್ನೇ ಮಾಹಿತಿ ಸಾಕ್ಷರತೆ ಎಂದು ಕಲಿಸುತ್ತಿವೆ. ಟೆಕ್ಸಸ್‌ನ ರೌಂಡ್ ರಾಕ್‌ನಲ್ಲಿ ಟೆಕ್ಸಸ್ ಸ್ಟೇಟ್ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ. ಅಲ್ಲಿ ನರ್ಸಿಂಗ್ ಓದುವವರಿಗೆ ಇದು ಬರಿಯ ತತ್ತ್ವಚರ್ಚೆಯಲ್ಲ. ಲಸಿಕೆಯ ಗುಣದೋಷಗಳನ್ನು ಅವರು ತಾವೇ ಪ್ರಯೋಗ ಮಾಡಿ ತಿಳಿಯಲಾರರು. ಬೇರೆಯವರು ಬರೆದದ್ದನ್ನು ನಂಬಿಯೇ ಮಗುವಿನ ತೋಳಿಗೆ ಸೂಜಿ ಚುಚ್ಚಬೇಕು.

ಅಮೆರಿಕದ ಕಾಲೇಜು ಮತ್ತು ಸಂಶೋಧನ ಗ್ರಂಥಾಲಯಗಳ ಸಂಘ 2016ರಲ್ಲಿ ಅಂಗೀಕರಿಸಿದ ಚೌಕಟ್ಟಿನ ಆರು ತತ್ತ್ವಗಳಲ್ಲಿ ಒಂದರ ಪ್ರಕಾರ, ಬರೆದವರ ಅಧಿಕಾರ ಹುಟ್ಟಿನಿಂದ ಬಂದದ್ದಲ್ಲ, ಸಮುದಾಯ ಮಾನ್ಯಮಾಡಿದ್ದು, ಸಂದರ್ಭಕ್ಕೆ ತಕ್ಕಂತೆ ಬದಲಾಗುವಂಥದ್ದು. ನ್ಯಾಯದರ್ಶನ ಇನ್ನೂ ಬಿಗಿಯಾಗಿ ಹೇಳುತ್ತದೆ. ವಿಷಯವನ್ನು ನೇರವಾಗಿ ಕಂಡುಕೊಂಡು, ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ಮಾತನಾಡುವವನೇ ಆಪ್ತ, ಅಂದರೆ ನಂಬಲು ಅರ್ಹ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎನ್ನುತ್ತಾನೆ ಭಾಷ್ಯಕಾರ ವಾತ್ಸ್ಯಾಯನ.

ಆದರೆ ಕೇಳಿದ್ದನ್ನೆಲ್ಲ ಪರೀಕ್ಷಿಸಲೇಬೇಕೆ? ಜ್ಞಾನದ ಪ್ರಾಮಾಣ್ಯಕ್ಕೆ ಹೊರಗಿನ ಆಧಾರ ಬೇಕು ಎಂಬುದು ನೈಯಾಯಿಕರ ಪಕ್ಷ. ಆ ಆಧಾರಕ್ಕೆ ಮತ್ತೊಂದು ಆಧಾರ ಹುಡುಕುತ್ತ ಹೋದರೆ ಕೊನೆಯೇ ಇಲ್ಲ. ಆದ್ದರಿಂದ ಮೀಮಾಂಸಕನಾದ ಕುಮಾರಿಲ ಭಟ್ಟ, ಮುಂದೆ ಮಧ್ವಾಚಾರ್ಯರು, ಜ್ಞಾನ ತನ್ನಿಂದ ತಾನೇ ಪ್ರಮಾಣ ಎಂಬ ಸ್ವತಃಪ್ರಾಮಾಣ್ಯವನ್ನು ಎತ್ತಿಹಿಡಿದರು. ಕುಮಾರಿಲನ ಪ್ರಕಾರ ಜ್ಞಾನ ಸುಳ್ಳೆಂದು ತಿಳಿಯುವುದು ಎರಡೇ ಬಗೆಯಲ್ಲಿ: ಅದರ ಮೂಲದಲ್ಲಿ ದೋಷ ಕಾಣಬೇಕು, ಇಲ್ಲವೇ ಅದನ್ನು ಬಾಧಿಸುವ, ಅಂದರೆ ಅಲ್ಲಗಳೆಯುವ, ಮತ್ತೊಂದು ಜ್ಞಾನ ಬರಬೇಕು.

ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ ಆಂಡ್ರ್ಯೂ ವೇಕ್‌ಫೀಲ್ಡ್ ಅವರ ಪ್ರಬಂಧದಲ್ಲಿ ಎರಡೂ ನಡೆದವು. 1998ರಲ್ಲಿ ಅದು ಅಚ್ಚಾದದ್ದು ಗಣ್ಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ, ಅದಕ್ಕೆ ಆಧಾರ ಕೇವಲ 12 ಮಕ್ಕಳು. ಲಸಿಕೆ ಕಂಪನಿಗಳ ವಿರುದ್ಧ ದಾವೆಗೆ ಸಜ್ಜಾಗುತ್ತಿದ್ದ ವಕೀಲರಿಂದ ಹಣ ಬಂದಿದ್ದ ಸಂಗತಿ ನಂತರ ಬಯಲಾಯಿತು. ಇದು ಮೂಲದ ದೋಷ. ಲಕ್ಷಾಂತರ ಮಕ್ಕಳನ್ನು ಒಳಗೊಂಡ ಅಧ್ಯಯನಗಳಲ್ಲಿ ಆ ನಂಟು ಸಿಗಲಿಲ್ಲ. ಇದು ಬಾಧಕ ಜ್ಞಾನ. 2010ರಲ್ಲಿ ಪತ್ರಿಕೆ ಪ್ರಬಂಧವನ್ನು ಹಿಂತೆಗೆದುಕೊಂಡಿತು. ಆ ಹೊತ್ತಿಗೆ ವೇಕ್‌ಫೀಲ್ಡ್ ರೌಂಡ್ ರಾಕ್‌ಗೆ ಹತ್ತಿರದ ಆಸ್ಟಿನ್‌ನಲ್ಲೇ ಇದ್ದರು. ಗಣ್ಯ ಪತ್ರಿಕೆಯ ಹೆಸರೊಂದೇ ಸಾಲದೆಂದು ವಿದ್ಯಾರ್ಥಿಗಳಿಗೆ ತಿಳಿಸಲು ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ದೋಷ ಪತ್ತೆಮಾಡುವ ವಿಧಾನವನ್ನು ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ವಿವರಿಸಿದರು. ಅವರ ಅಧ್ಯಯನದಲ್ಲಿ ಇತಿಹಾಸಕಾರರೂ ವಿದ್ಯಾರ್ಥಿಗಳೂ ಜಾಲತಾಣದ ಒಳಗೇ ಉಳಿದು, ಅದರ ಅಂದಚಂದಕ್ಕೆ ಹಲವು ಸಲ ಮೋಸಹೋದರು. ವೃತ್ತಿನಿರತ ಸತ್ಯಶೋಧಕರು ತಕ್ಷಣ ಹೊಸ ಟ್ಯಾಬ್ ತೆರೆದು, ಆ ತಾಣದ ಬಗ್ಗೆ ಬೇರೆಯವರು ಏನು ಹೇಳುತ್ತಾರೆಂದು ನೋಡಿದರು.

ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್ ಈ ಚರ್ಚೆಗೆ ಹೊಸ ತೊಡಕು ತಂದಿದೆ. ವೇದಕ್ಕೆ ಕರ್ತೃವಿಲ್ಲ, ಆದ್ದರಿಂದ ಕರ್ತೃದೋಷವೂ ಇಲ್ಲ ಎಂಬುದು ಮೀಮಾಂಸಕರ ವಾದ. ಚಾಟ್‌ಬಾಟಿನ ಉತ್ತರಕ್ಕೂ ಹೇಳಿದವನೊಬ್ಬ ಇಲ್ಲದಿರುವುದರಿಂದ ಅದೂ ನಿಷ್ಪಕ್ಷಪಾತವೆನಿಸುತ್ತದೆ. ವಾಸ್ತವದಲ್ಲಿ ಅದು ಮನುಷ್ಯರು ಬರೆದ ಅಪಾರ ಬರಹದಿಂದ ಹುಟ್ಟಿದ್ದು. ಅವರ ದೋಷಗಳೂ ಅದರಲ್ಲಿ ಸೇರಿವೆ. ಅದು ಏನನ್ನೂ ಕಂಡಿಲ್ಲ, ಕಂಡಂತೆ ಹೇಳುವ ಇಚ್ಛೆಯೂ ಅದಕ್ಕಿಲ್ಲ. ವಾತ್ಸ್ಯಾಯನನ ಲಕ್ಷಣದಂತೆ ಅದು ಆಪ್ತನಲ್ಲ. ಆದ್ದರಿಂದ ಅದರ ಮಾತನ್ನು ಮನುಷ್ಯರೇ ಪರೀಕ್ಷಿಸಬೇಕಾಗುತ್ತದೆ. 2023ರಲ್ಲಿ ಡಲ್ಲಾಸ್‌ನ ಫೆಡರಲ್ ನ್ಯಾಯಾಧೀಶರೊಬ್ಬರು, ನ್ಯಾಯಾಲಯಕ್ಕೆ ಸಲ್ಲಿಸುವ ಬರಹದಲ್ಲಿ ಚಾಟ್‌ಬಾಟ್ ಬರೆದ ಭಾಗವೇನಾದರೂ ಇದ್ದರೆ ಅದನ್ನು ಮನುಷ್ಯರೇ ತಾಳೆನೋಡಿರುತ್ತಾರೆಂದು ವಕೀಲರು ಲಿಖಿತವಾಗಿ ದೃಢೀಕರಿಸಬೇಕೆಂದು ಆದೇಶಿಸಿದರು.