ಖಾಲಿ ಪಟ್ಟಿಯ ಪ್ರಾಮಾಣ್ಯ

ನಿಗದಿತ ಹೊತ್ತಿಗೆ ತಾವಾಗಿಯೇ ನಡೆಯುವ ಕಂಪ್ಯೂಟರ್ ಕೆಲಸಗಳನ್ನು ಪಟ್ಟಿ ಮಾಡುವ ಟೂಲ್ ಒಂದು ಎಐ ಏಜೆಂಟಿಗೆ ಖಾಲಿ ಪಟ್ಟಿ ಕೊಟ್ಟರೆ, ಅಂಥ ಕೆಲಸಗಳೇ ಇಲ್ಲವೆಂದು ಅದು ತಿಳಿಯಬಹುದೇ? ಇಲ್ಲದಿರುವುದನ್ನು ಅರಿಯುವುದು ಹೇಗೆ ಎಂಬ ಈ ಪ್ರಶ್ನೆ ಭಾರತೀಯ ದರ್ಶನಗಳಲ್ಲಿ ಹಳೆಯದು. ಕುಮಾರಿಲ ಭಟ್ಟನ ಮೀಮಾಂಸೆ ಮತ್ತು ಅದ್ವೈತ ವೇದಾಂತ ಅನುಪಲಬ್ಧಿಯನ್ನು, ಅಂದರೆ ಕಾಣದಿರುವಿಕೆಯನ್ನು, ಸ್ವತಂತ್ರ ಪ್ರಮಾಣವೆಂದು, ಅಂದರೆ ಅರಿವಿನ ಸಾಧನವೆಂದು, ಒಪ್ಪುತ್ತವೆ. ಅಭಾವವೂ ಪ್ರತ್ಯಕ್ಷದಿಂದಲೇ ತಿಳಿಯುತ್ತದೆ ಎನ್ನುವುದು ನ್ಯಾಯದರ್ಶನದವರಾದ ನೈಯಾಯಿಕರ ವಾದ. ಒಂದು ಷರತ್ತು ಮಾತ್ರ ಎರಡೂ ಪಕ್ಷಗಳಿಗೆ ಸಮ್ಮತ: ವಸ್ತು ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವ ಯೋಗ್ಯತೆ ಇರಬೇಕು. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕತ್ತಲಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗದು.

ಖಾಲಿ ಪಟ್ಟಿಗೂ ಇದೇ ಷರತ್ತು ಅನ್ವಯಿಸುತ್ತದೆ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಕೆಲಸಗಳನ್ನು ನಿಗದಿತ ಹೊತ್ತಿಗೆ ನಡೆಸಲು ದಶಕಗಳಿಂದ ಬಳಕೆಯಲ್ಲಿರುವ ಕ್ರಾನ್ ಇದಕ್ಕೆ ತಕ್ಕ ನಿದರ್ಶನ. ಅದರ ಕ್ರಾನ್‌ಟ್ಯಾಬ್ ಆದೇಶ ಕೊಡುವ ಪಟ್ಟಿ ಒಬ್ಬ ಬಳಕೆದಾರನ ಕೆಲಸಗಳನ್ನಷ್ಟೇ ತೋರಿಸುತ್ತದೆ. ಇಡೀ ವ್ಯವಸ್ಥೆಗೆ ಸೇರಿದವು ಬೇರೆ ಕಡತಗಳಲ್ಲಿರುತ್ತವೆ; ಲಿನಕ್ಸ್‌ನ ಸಿಸ್ಟಂಡಿ ಟೈಮರ್‌ಗಳಂತೂ ಆ ಪಟ್ಟಿಯಲ್ಲಿ ಬರುವುದೇ ಇಲ್ಲ.

ಅನುಭವಿ ನಿರ್ವಾಹಕನಿಗೆ ಈ ಮಿತಿ ಗೊತ್ತಿರುತ್ತದೆ. ಏಜೆಂಟಿಗೆ ಟೂಲ್‌ನ ಪರಿಚಯ ಆಗುವುದು ಮುಖ್ಯವಾಗಿ ಅದರ ವಿವರಣೆಯಿಂದ. ನ್ಯಾಯದರ್ಶನದ ಪರಿಭಾಷೆಯಲ್ಲಿ ಆ ವಿವರಣೆ ಆಪ್ತವಾಕ್ಯ, ಅಂದರೆ ನಂಬಲರ್ಹರ ಮಾತು. ಆದ್ದರಿಂದ ವಿವರಣೆ ಬರೆಯುವವರ ಹೊಣೆ ದೊಡ್ಡದು. ನಿಗದಿತ ಕೆಲಸಗಳನ್ನು ತೋರಿಸುತ್ತದೆ ಎಂದಷ್ಟೇ ಬರೆದರೆ ಸಾಲದು. ಯಾರ ಕೆಲಸಗಳು, ಯಾವ ಯಂತ್ರದವು, ತಡೆಹಿಡಿದವೂ ಸೇರಿವೆಯೇ, ಹೊತ್ತು ಯಾವ ಕಾಲವಲಯದ್ದು, ಅನುಮತಿ ಇಲ್ಲದಾಗ ಬರುವುದು ದೋಷಸಂದೇಶವೋ ಖಾಲಿ ಪಟ್ಟಿಯೋ ಎಂಬುದೆಲ್ಲ ಅಲ್ಲಿರಬೇಕು. ಕೊನೆಯದು ಎಲ್ಲಕ್ಕಿಂತ ಮುಖ್ಯ: ನೋಡಲಾಗದ್ದನ್ನು ಇಲ್ಲವೆಂದೇ ತಿಳಿದ ಏಜೆಂಟು, ಈಗಾಗಲೇ ಇರುವ ಬ್ಯಾಕಪ್ ಕೆಲಸವನ್ನು ಮತ್ತೊಮ್ಮೆ ನಿಗದಿಪಡಿಸೀತು.